ಲೈನ್‌ಮ್ಯಾನ್ ವೆಂಕಟರವಣಪ್ಪನ ಕ್ಯಾಸೆಟ್

ಶಿಡ್ಲಘಟ್ಟದ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿದ್ದ ವೆಂಕಟರವಣಪ್ಪ ತನ್ನ ಮನೆಯಲ್ಲಿ ದೀಪದ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದವನು ಕತ್ತಲು ತುಂಬುತ್ತಿದ್ದ ನಡುಮನೆಯಲ್ಲಿ ಹಾಗೇ ಕೂತಿರುತ್ತಿದ್ದ. ಹೆಂಡತಿ ರಾಮಲಕ್ಷ್ಮಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಲೈಟು ಹಾಕಬೇಕಿತ್ತು. ಒಮ್ಮೆ ಅವಳು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ತೆಗೆಯಲು ಹೇಳಿದಾಗ ಅವನು ಗೋಡೆಯ ಹತ್ತಿರ ಹೋಗಿ ನಿಂತ. ಬಹಳ ಹೊತ್ತು ನಿಂತೇ ಇದ್ದ. ಕೈ ಪ್ಲಗ್ಗಿನವರೆಗೆ ಹೋಗಲೇ ಇಲ್ಲ. ಅಂದಿನಿಂದ ಅವಳು ಹೇಳುವುದನ್ನೇ ಬಿಟ್ಟಳು.

ಮೊದಲು ಅವನು ಹೀಗಿರಲಿಲ್ಲ. ಮಂಡಿಕಲ್ ಹತ್ತಿರದ ಒಂದು ಹಳ್ಳಿಯವನು. ಎಂಬತ್ತೊಂದರಲ್ಲಿ ಕೆ.ಜಿ.ಎಫ್.ಗೆ ಹೋಗಿ ಎರಡು ವರ್ಷ ಐಟಿಐ ಓದಿದ. ಅವನು ಬಾಡಿಗೆಗಿದ್ದ ಕೋಣೆಯ ಪಕ್ಕದಲ್ಲಿ ಗಣಿಯಿಂದ ನಿವೃತ್ತನಾದ ಒಬ್ಬ ಆಂಗ್ಲೋ-ಇಂಡಿಯನ್ ಫೋರ್‌ಮನ್ ಇದ್ದ. ಅರವತ್ತರ ದಶಕದಲ್ಲಿ ಆ ಮುದುಕ ಗಣಿಯ ಕ್ಲಬ್ಬಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದನಂತೆ. ಅವನ ಹತ್ತಿರ ಒಂದು ಕಟ್ಟು ಹಳೇ ಗ್ರಾಮಫೋನ್ ಪ್ಲೇಟುಗಳಿದ್ದವು. ಗಿಟಾರಿನ ದನಿ ನೀರಿನೊಳಗಿಂದ ಬಂದಂತೆ ಅಲುಗುತ್ತಾ, ಕೆಲವು ಕಡೆ ಹಿಂದುಮುಂದಾಗಿ ಓಡುತ್ತಾ, ಕೇಳುತ್ತಾ ಹೋದರೆ ಕೂತಲ್ಲೇ ತಲೆ ತಿರುಗುವಂಥ ಸಂಗೀತ. ಅದಕ್ಕೆ ಸೈಕೆಡೆಲಿಕ್ ರಾಕ್ ಅನ್ನುತ್ತಾರೆ ಎಂದು ಮುದುಕ ಹೇಳಿಕೊಟ್ಟ. ಬೆರಳಿಟ್ಟು ನುಡಿಸುವುದನ್ನೂ ಹೇಳಿಕೊಟ್ಟ. ಆಸ್ಟ್ರೇಲಿಯಾಕ್ಕೆ ಮಗಳ ಮನೆಗೆ ಹೊರಟಾಗ ತನ್ನ ಗಿಟಾರನ್ನೂ, ತಾನೇ ಬೆಸುಗೆ ಹಾಕಿ ಮಾಡಿದ್ದ ಒಂದು ತಗಡಿನ ಡಬ್ಬಿಯನ್ನೂ ಹುಡುಗನಿಗೆ ಕೊಟ್ಟುಹೋದ. ಆ ಡಬ್ಬಿಯೊಳಗೆ ಎರಡು ಟ್ರಾನ್ಸಿಸ್ಟರು, ಒಂದು ಚಿಕ್ಕ ಬ್ಯಾಟರಿ. ಗಿಟಾರಿನ ದನಿ ಅದರ ಮೂಲಕ ಹಾದುಬಂದರೆ ಹರಿದ ಬಟ್ಟೆಯಂತೆ ಒರಟಾಗುತ್ತಿತ್ತು.

ವೆಂಕಟರವಣಪ್ಪನಿಗೆ ಕೆಲಸ ಸಿಕ್ಕಿತು, ಮದುವೆಯಾಯಿತು. ಮಂಡಿಕಲ್ ಕಡೆಯ ಲೈನುಗಳಿಗೆ ಬಯ್ಯಪ್ಪ ಎಂಬ ಹಿರಿಯ ಲೈನ್‌ಮ್ಯಾನ್ ಜೊತೆ ಅವನನ್ನು ಹಾಕಿದರು. ಬಯ್ಯಪ್ಪ ಒಳ್ಳೆಯ ಮನುಷ್ಯ. ಕಂಬದ ಮೇಲೆ ಕೂತು ತೆಲುಗು ತತ್ವಪದ ಹೇಳಿಕೊಂಡು ಕೆಲಸ ಮಾಡುವವನು.

1988ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಕಂಬದ ಮೇಲೆ ಲೈನುಗಳನ್ನು ಜೋಡಿಸುವ, ತುಂಡಾಗಿದ್ದ ಜಂಪರ್ ತಂತಿ ಕಟ್ಟಲು ಹೋದರು. ಸಬ್‌ಸ್ಟೇಷನ್ನಿಂದ ಲೈನ್ ಕ್ಲಿಯರ್ ಸಿಕ್ಕಿತ್ತು. ಲೈನ್ ಕ್ಲಿಯರ್ ಅಂದರೆ ಆ ಲೈನಿನಲ್ಲಿ ಕರೆಂಟು ತೆಗೆದಿದ್ದೇವೆ, ಹತ್ತಬಹುದು ಎಂಬ ಅನುಮತಿ. ಅದು ಸಿಕ್ಕಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಸರಪಳಿ ಕಟ್ಟಿದ ರಾಡನ್ನು ತಂತಿಗೆ ಸಿಕ್ಕಿಸಿ ಭೂಮಿಗೆ ಇಳಿಸಬೇಕು. ಎಲ್ಲಿಂದಲಾದರೂ ತಪ್ಪಿ ಕರೆಂಟು ಬಂದರೆ ಅದು ಮನುಷ್ಯನ ಮೈಗೆ ಬಾರದೆ ನೆಲಕ್ಕೆ ಹೋಗುತ್ತದೆ. ಆ ರಾಡು ತರುವುದು ಕಿರಿಯವನ ಕೆಲಸ.

"ರಾಡ್ ಎಲ್ಲಪ್ಪ?" ಎಂದು ಬಯ್ಯಪ್ಪ ಕೇಳಿದ.

"ಸೈಕಲ್ಲಲ್ಲೇ ಬಿಟ್ಟೆ ಕಣಣ್ಣ, ರೋಡ್ ಹತ್ರ. ಲೈನ್ ಕ್ಲಿಯರ್ ಐತಲ್ಲ, ಹತ್ತು. ಐದು ನಿಮಿಷದ ಕೆಲಸ."

ಬಿಸಿಲು ಸುಡುತ್ತಿತ್ತು. ಸೈಕಲ್ಲು ಎರಡು ಹೊಲದಾಚೆ ಇತ್ತು. ಬಯ್ಯಪ್ಪ ಒಂದು ಕ್ಷಣ ಅವನ ಮುಖ ನೋಡಿ ಕಂಬ ಹತ್ತಿದ. ಅದೇ ಹೊತ್ತಿಗೆ ಮುಂದಿನ ಊರಿನ ಒಂದು ಅಕ್ಕಿ ಗಿರಣಿಯಲ್ಲಿ ಯಾರೋ ಜನರೇಟರ್ ಚಾಲೂ ಮಾಡಿದರು. ಲೈನಿನಿಂದ ಬೇರೆ ಮಾಡುವ ಸ್ವಿಚ್ಚು ತಿರುಗಿಸಲು ಮರೆತಿದ್ದರು. ಆ ಕರೆಂಟು ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು ಲೈನಿಗೆ ಬಂತು. ತತ್ವಪದ ಅರ್ಧಕ್ಕೆ ನಿಂತಿತು. ವೆಂಕಟರವಣಪ್ಪ ತಲೆಯೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಅವನು ಮಾಡಿದ್ದನ್ನು ಯಾರೂ ನೋಡಲಿಲ್ಲ. ಹೊಲ ದಾಟಿ ಓಡಿದ, ಸೈಕಲ್ಲಿನಿಂದ ರಾಡು ಬಿಚ್ಚಿಕೊಂಡು ಬಂದ, ಕಂಬದ ಬುಡದಲ್ಲಿ ಸರಪಳಿ ಹರಡಿ ಹಾಕಿದ. ವಿಚಾರಣೆಯಲ್ಲಿ, "ರಾಡ್ ಹಾಕಿದ್ದೆ ಸಾರ್, ಕಿತ್ಕೊಂಡು ಬಿದ್ದೋಯ್ತು" ಎಂದ. ತಪ್ಪೆಲ್ಲ ಗಿರಣಿಯದು ಎಂದಾಯಿತು. ಗಿರಣಿಯದೂ ತಪ್ಪಿತ್ತು, ಸುಳ್ಳಲ್ಲ.

ಅವನು ಕೇಳಿಕೊಂಡು ಶಿಡ್ಲಘಟ್ಟಕ್ಕೆ ವರ್ಗ ಮಾಡಿಸಿಕೊಂಡ. ಆ ಕಂಬ ಕಾಣದ ಕಡೆ ಇದ್ದರೆ ಸರಿಹೋಗಬಹುದು ಎಂದುಕೊಂಡಿದ್ದ. ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಆಫೀಸಿಗೆ ಹೋದರೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬಯ್ಯಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಕೂತಿದ್ದಳು. ಗಂಡ ಸತ್ತದ್ದಕ್ಕೆ ಅವಳಿಗೆ ಅಟೆಂಡರ್ ಕೆಲಸ ಕೊಟ್ಟಿದ್ದರು, ಅದೂ ಇದೇ ಆಫೀಸಿನಲ್ಲಿ.

"ಬಾಣ್ಣ. ನೀನಿದ್ದೀಯ ಅಂತಲೇ ಧೈರ್ಯವಾಗಿ ಬಂದೆ," ಎಂದಳು.

ಅಂದಿನಿಂದ ದಿನಾ ಅವಳ ಮುಖ. ಹಾಜರಿ ಪುಸ್ತಕ ತಂದಿಡುವವಳು ಅವಳು, ಟೀ ತರುವವಳು ಅವಳು. ಪ್ರತಿ ಯುಗಾದಿಗೂ ಊಟಕ್ಕೆ ಕರೆಯುತ್ತಿದ್ದಳು, ಹೋಗುತ್ತಿದ್ದ. ಬಡಿಸಿದ ಒಬ್ಬಟ್ಟನ್ನು ತಲೆಯೆತ್ತದೆ ತಿಂದು ಎದ್ದುಬರುತ್ತಿದ್ದ. ಅವಳು ಸುಮ್ಮನೆ ಹೆಸರು ಹಿಡಿದು ಕರೆದರೂ ಇವಳಿಗೆ ಗೊತ್ತಾಯಿತು ಎಂದೇ ಅಂದುಕೊಳ್ಳುತ್ತಿದ್ದ. ಕರೆಂಟಿನ ಭಯ ಒಂದು ಕಡೆ, ಈ ಭಯ ಒಂದು ಕಡೆ. ಎರಡೂ ಒಂದೇ ಜಾಗದಲ್ಲಿ, ಪಕ್ಕೆಲುಬಿನ ಕೆಳಗೆ, ಸದಾ ಗುಂಯ್‌ಗುಟ್ಟುತ್ತಿದ್ದವು. ಕಂಬ ಹತ್ತಲೇಬೇಕಾದ ದಿನ ಎರಡು ರಾಡು ಒಯ್ಯುತ್ತಿದ್ದ. ಸಬ್‌ಸ್ಟೇಷನ್ನಿಗೆ ಮೂರು ಸಲ ಫೋನು ಮಾಡಿಸುತ್ತಿದ್ದ. ಜೊತೆಯವರು ನಗುತ್ತಿದ್ದರು.

ಗಿಟಾರು ಅಟ್ಟದ ಮೇಲಿತ್ತು. ಅದಕ್ಕೆ ಆಂಪ್ಲಿಫೈಯರ್ ಬೇಕು, ಆಂಪ್ಲಿಫೈಯರನ್ನು ಗೋಡೆಗೆ ಸಿಕ್ಕಿಸಬೇಕು. ಅದು ಅವನಿಂದ ಆಗದ ಮಾತು.

1992ರಲ್ಲಿ ಮುನಿಶಾಮಪ್ಪನ ಪರಿಚಯವಾಯಿತು. ಅವನು ಆಟೋಗೆ ಮೈಕು ಕಟ್ಟಿಕೊಂಡು ಟೆಂಟಿನ ಸಿನಿಮಾ, ಸರ್ಕಸ್ಸು, ಜಾತ್ರೆ ಎಂದು ಊರೂರು ಸುತ್ತಿ ಕೂಗುವವನು. ಒಂದು ದಿನ ಆಫೀಸಿನ ಮುಂದೆಯೇ ಅವನ ಮೈಕ್ ಸೆಟ್ಟು ಕೆಟ್ಟಿತು. ಸೆಟ್ಟು ಆಟೋದ ಬ್ಯಾಟರಿಯಿಂದ ನಡೆಯುತ್ತದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ವೆಂಕಟರವಣಪ್ಪ ಅದನ್ನು ಬಿಚ್ಚಿ ಸರಿಮಾಡಿದ. ಬಿಚ್ಚಿದವನು ಅದನ್ನೇ ನೋಡುತ್ತಾ ಕೂತ. ಗೋಡೆಯಿಲ್ಲ, ಪ್ಲಗ್ಗಿಲ್ಲ. ಬರೀ ಹನ್ನೆರಡು ವೋಲ್ಟು. ನೆಕ್ಕಿದರೂ ಸಾಯುವುದಿಲ್ಲ.

"ಮುನಿಶಾಮಪ್ಪ, ಭಾನುವಾರ ಈ ಸೆಟ್ ಒಂದು ಗಂಟೆ ಕೊಡ್ತೀಯಾ?" ಎಂದ.

ಭಾನುವಾರ ಮುನಿಶಾಮಪ್ಪನ ಮನೆಯ ಮುಂದೆ ಆ ಗಿಟಾರು ಆಟೋದ ಮೇಲಿನ ಹಾರ್ನ್ ಸ್ಪೀಕರಿನಿಂದ ಕೂಗಿತು. ತಗಡಿನ ಡಬ್ಬಿಯೊಳಗಿನ ಬ್ಯಾಟರಿ ಹಳೆಯದು, ಸಾಯುತ್ತಿತ್ತು. ಅದಕ್ಕೇ ಪ್ರತಿ ಸ್ವರವೂ ಒಡೆದು, ಬಿಕ್ಕಳಿಸಿ, ತಡವಾಗಿ ಆರುತ್ತಿತ್ತು. ಬೀದಿಯ ನಾಯಿಗಳು ಓಡಿಹೋದವು. ಒಳಗಿನಿಂದ ಮುನಿಶಾಮಪ್ಪನ ತಂಗಿ ಆದಿಲಕ್ಷ್ಮಮ್ಮ ಬಂದು ಹೊಸಿಲ ಮೇಲೆ ನಿಂತಳು. ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಟೀಚರು. ಅವರ ತಂದೆ ಪೋಸ್ಟ್‌ಮ್ಯಾನ್ ಆಗಿದ್ದವರು, ಬೌದ್ಧ ದೀಕ್ಷೆ ತಗೊಂಡವರು. ಮಕ್ಕಳಿಬ್ಬರಿಗೂ ಓದು ಹಾಡು ಎರಡನ್ನೂ ಕಲಿಸಿದ್ದರು. ಆದಿಲಕ್ಷ್ಮಮ್ಮ ಸಭೆಗಳಲ್ಲಿ ಹಾಡುತ್ತಿದ್ದಳು, ತಾನೇ ಪದ ಕಟ್ಟುತ್ತಿದ್ದಳು.

"ಇನ್ನೊಂದ್ಸಲ ನುಡಿಸಣ್ಣ," ಎಂದಳು. "ಭಯ ಆಗೋ ಹಂಗೈತೆ. ಚೆನ್ನಾಗೈತೆ."

ಹೀಗೆ ಮೂವರ ತಂಡವಾಯಿತು. ಅವಳದು ಹಾಡು ಮತ್ತು ಹಾರ್ಮೋನಿಯಂ, ಮುನಿಶಾಮಪ್ಪನದು ತಮಟೆ, ವೆಂಕಟರವಣಪ್ಪನದು ಗಿಟಾರು. ಪದಗಳು ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಹಾಡು ಅವಳ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಹುಟ್ಟಿತು: ಕರೆಂಟ್ ತಂತಿ ಮೇಲೆ ಕುಂತ ಗುಬ್ಬಿಗೆ ಶಾಕ್ ಯಾಕೆ ಹೊಡೆಯಲ್ಲ? ಒಂದೇ ತಂತಿ ಹಿಡಿದಿರುತ್ತೆ, ನೆಲ ಮುಟ್ಟಿರಲ್ಲ, ಅದಕ್ಕೆ ಎಂದು ವೆಂಕಟರವಣಪ್ಪ ವಿವರಿಸಿದ. "ನೆಲ ಮುಟ್ಟದೆ ಇರೋರು ಬದುಕ್ಕೊಂತಾರೆ" ಎಂದು ಅವಳು ಪಲ್ಲವಿ ಮಾಡಿದಳು. ಆ ಸಾಲು ಬಂದಾಗಲೆಲ್ಲ ಅವನ ಬೆರಳು ತಪ್ಪುತ್ತಿತ್ತು.

1994ರ ಬೇಸಿಗೆ ರಜದಲ್ಲಿ ಎಂಟು ಹಾಡುಗಳ ಒಂದು ಕ್ಯಾಸೆಟ್ ಮಾಡಬೇಕೆಂದು ಆದಿಲಕ್ಷ್ಮಮ್ಮ ಹಟ ಹಿಡಿದಳು. ಬೆಂಗಳೂರಿನ ಸ್ಟುಡಿಯೋ ಬೇಡ, ಅಲ್ಲಿ ಎಲ್ಲವನ್ನೂ ಒರೆಸಿ ತೊಳೆದು ಬೆಳ್ಳಗೆ ಮಾಡುತ್ತಾರೆ ಎಂದಳು. ಚಿಂತಾಮಣಿ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಒಂದು ರೇಷ್ಮೆ ನೂಲು ತೆಗೆಯುವ ಶೆಡ್ಡು ಸಿಕ್ಕಿತು. ತಗಡಿನ ಸೂರು, ಉದ್ದನೆ ಕೋಣೆ, ಗೂಡು ಬೇಯಿಸುತ್ತಿದ್ದ ಒಲೆಗಳ ಸಾಲು. ಕೂಗಿದರೆ ದನಿ ಆ ತುದಿಗೆ ಹೋಗಿ ನಿಧಾನವಾಗಿ ಮರಳಿ ಬರುತ್ತಿತ್ತು. ಗಿಟಾರಿಗೂ ಹಾಡಿಗೂ ಆಟೋದ ಬ್ಯಾಟರಿಯ ಮೈಕ್ ಸೆಟ್ಟು, ರೆಕಾರ್ಡಿಗೆ ಸೆಲ್ಲು ಹಾಕುವ ಎರಡು ಟೇಪ್‌ರೆಕಾರ್ಡರ್. ಒಂದರಲ್ಲಿ ರೆಕಾರ್ಡು ಮಾಡಿ, ಅದನ್ನು ಹಾಕಿಕೊಂಡು ಅದರ ಮೇಲೆ ಮತ್ತೆ ನುಡಿಸಿ, ಇನ್ನೊಂದಕ್ಕೆ ಇಳಿಸುವುದು. ಸೆಲ್ಲು ಇಳಿದಾಗ ಟೇಪು ನಿಧಾನವಾಗಿ, ಹಾಡು ಜೋಲಿ ಹೊಡೆಯುತ್ತಿತ್ತು. ಅದನ್ನೂ ಹಾಗೇ ಬಿಟ್ಟರು. ಗಿಟಾರು ನುಡಿಸುವಾಗ ವೆಂಕಟರವಣಪ್ಪ ಒಣ ಮರದ ಹಲಗೆಯೊಂದರ ಮೇಲೆ ನಿಲ್ಲುತ್ತಿದ್ದ. ಬ್ಯಾಟರಿ ಆದರೂ ಸರಿಯೇ, ಹಲಗೆ ಬೇಕು.

ನಾಲ್ಕು ಭಾನುವಾರಕ್ಕೆ ಏಳು ಹಾಡು ಮುಗಿದವು. ಐದನೇ ಭಾನುವಾರ ಬೆಳಿಗ್ಗೆ ಆಟೋದ ಬ್ಯಾಟರಿ ಸತ್ತಿತ್ತು. ಹಿಂದಿನ ದಿನವೆಲ್ಲ ಮುನಿಶಾಮಪ್ಪ ಗೌರಿಬಿದನೂರಿನಲ್ಲಿ ಸರ್ಕಸ್ಸಿನ ಪ್ರಚಾರ ಮಾಡಿ ಬಂದಿದ್ದ. ಶೆಡ್ಡಿನ ಕರೆಂಟನ್ನು ಇನ್ನೂ ಕಿತ್ತಿರಲಿಲ್ಲ. ಅವನು ಚೀಲದಿಂದ ಒಂದು ಎಲಿಮಿನೇಟರ್ ತೆಗೆದ. ಗೋಡೆಯ ಕರೆಂಟನ್ನು ಬ್ಯಾಟರಿಯ ಮಟ್ಟಕ್ಕೆ ಇಳಿಸುವ ಡಬ್ಬಿ ಅದು, ಯಾರೋ ಮನೆಯಲ್ಲೇ ಜೋಡಿಸಿದ್ದು.

"ಬೇಡ," ಎಂದ ವೆಂಕಟರವಣಪ್ಪ.

"ಒಂದೇ ಹಾಡಲ್ವೇನಣ್ಣ? ನಾಳೆಯಿಂದ ಇವಳಿಗೆ ಸ್ಕೂಲು."

"ಬೇಡ ಅಂದ್ನಲ್ಲ."

ಆದಿಲಕ್ಷ್ಮಮ್ಮ ಮೆತ್ತಗೆ ಹೇಳಿದಳು. "ರವಣಣ್ಣ, ನೀನೇ ಲೈನ್‌ಮ್ಯಾನು. ನೀನೇ ಚೆಕ್ ಮಾಡು. ನೀನು ಸರಿ ಅಂದ್ರೆ ಮಾಡಣ, ಇಲ್ಲಾಂದ್ರೆ ಬೇಡ."

ಮುನಿಶಾಮಪ್ಪ ಪ್ಲಗ್ಗು ಸಿಕ್ಕಿಸಿದ ಮೇಲೆ ವೆಂಕಟರವಣಪ್ಪ ಟೆಸ್ಟರ್ ತೆಗೆದ. ಎಲಿಮಿನೇಟರಿನ ಮೈ ನೋಡಿದ, ಸೆಟ್ಟಿನ ತಗಡು ನೋಡಿದ, ಮೈಕಿನ ಹಿಡಿ ನೋಡಿದ. ಎರಡೆರಡು ಸಲ ನೋಡಿದ. ಎಲ್ಲಿಯೂ ಟೆಸ್ಟರಿನ ದೀಪ ಹತ್ತಲಿಲ್ಲ, ಕರೆಂಟು ಸೋರುತ್ತಿರಲಿಲ್ಲ. ಇನ್ನೂ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಏನು ಹೇಳುವುದು?

"ಸರಿ," ಎಂದ.

ಅದು ಗುಬ್ಬಿಯ ಹಾಡು. ಮೊದಲ ಸಲ ನುಡಿಸಿದಾಗ ತಮಟೆ ತಪ್ಪಿತು. ಎರಡನೇ ಸಲ ಪದ ತಪ್ಪಿತು. ಅಷ್ಟರಲ್ಲಿ ಎಲಿಮಿನೇಟರ್ ಮುಟ್ಟಲಾಗದಷ್ಟು ಕಾದಿತ್ತು. ಒಳಗೆ ಯಾವುದೋ ತಂತಿಯ ಮೇಲಿನ ಪದರ ಕರಗಿತ್ತು. ಅದು ಯಾರಿಗೂ ಕಾಣಲಿಲ್ಲ. ಸೆಕೆಗೆ ಆದಿಲಕ್ಷ್ಮಮ್ಮ ಮುಖ ತೊಳೆದುಕೊಂಡು ಬಂದಿದ್ದಳು, ಬರಿಗಾಲಲ್ಲಿ, ಸಿಮೆಂಟು ನೆಲದ ಮೇಲೆ. ಮೂರನೇ ಸಲ ಶುರುವಾಯಿತು. ಎರಡನೇ ಚರಣದಲ್ಲಿ ಅವಳು ಮೈಕಿನ ಕಂಬಿಯನ್ನು ಹಿಡಿದಳು.

ದನಿ ಕತ್ತರಿಸಿದಂತೆ ನಿಂತಿತು. ಅವಳು ಬೀಳಲಿಲ್ಲ. ಕೈ ಕಂಬಿಯ ಸುತ್ತ ಬಿಗಿದುಕೊಂಡಿತು, ಕತ್ತು ಹಿಂದಕ್ಕೆ ಹೋಯಿತು, ಕಣ್ಣು ತೆರೆದೇ ಇದ್ದವು.

ವೆಂಕಟರವಣಪ್ಪನಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಹತ್ತು ವರ್ಷದ ಕೆಲಸ ಅದನ್ನೇ ಕಲಿಸಿತ್ತು. ಕಾಲು ಹಲಗೆಯಿಂದ ಇಳಿಯಲಿಲ್ಲ. ತಗಡಿನ ಸೂರಿನ ಬದಲು ತಲೆಯ ಮೇಲೆ ಏಪ್ರಿಲ್ ತಿಂಗಳ ಬಿಳೀ ಆಕಾಶ ಕಂಡಿತು. ಮುನಿಶಾಮಪ್ಪ ತಮಟೆ ಬಿಸಾಡಿ ತಂಗಿಯ ಕಡೆ ಓಡಿದ. ಅವನು ಅವಳನ್ನು ಹಿಡಿದರೆ ಇಬ್ಬರೂ ಹೋಗುತ್ತಾರೆ.

"ಮುಟ್ಬೇಡ," ಎಂದು ಕೂಗಿದ್ದು ತನ್ನದೇ ದನಿ ಎಂದು ಅವನಿಗೆ ಆಮೇಲೆ ತಿಳಿಯಿತು. ಗಿಟಾರು ಕೆಳಗೆ ಬಿತ್ತು. ಹಲಗೆ ಬಿಟ್ಟು ನೆಲಕ್ಕೆ ಕಾಲಿಟ್ಟ. ಗೋಡೆಯ ಹತ್ತಿರ ಹೋಗಿ ಬರಿಗೈಯಲ್ಲಿ ಪ್ಲಗ್ಗು ಹಿಡಿದು ಕಿತ್ತ.

ಆದಿಲಕ್ಷ್ಮಮ್ಮ ಕುಸಿದಳು. ಉಸಿರಿತ್ತು. ಅಂಗೈ ಸುಟ್ಟು ಬೆಳ್ಳಗಾಗಿತ್ತು. ಆಟೋ ತಳ್ಳಿ ಚಾಲೂ ಮಾಡಿ ಆಸ್ಪತ್ರೆಗೆ ಸೇರಿಸಿದರು. ಸಂಜೆಗೆ ಅವಳು ಮಾತಾಡಿದಳು. ಬಲಗೈಯ ಕಿರುಬೆರಳು ಇನ್ನು ನೆಟ್ಟಗಾಗುವುದಿಲ್ಲ, ಉಳಿದದ್ದೆಲ್ಲ ವಾಸಿಯಾಗುತ್ತದೆ ಎಂದರು ಡಾಕ್ಟರು.

ಮೂರನೇ ದಿನ ವೆಂಕಟರವಣಪ್ಪ ನೋಡಲು ಹೋದ. ಹಾಸಿಗೆಯ ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇತ್ತು. ಶೆಡ್ಡಿನಲ್ಲಿ ಅದು ಸೆಲ್ಲಿನ ಮೇಲೆ ಓಡುತ್ತಲೇ ಇತ್ತು, ಯಾರೂ ನಿಲ್ಲಿಸಿರಲಿಲ್ಲ.

"ಒಂದು ನಿಮಿಷ ನಿಂತಿದ್ದೆ ಕಣಮ್ಮ," ಎಂದ ಅವನು, ಕೂರದೆ. "ನೀನು ಒದ್ದಾಡ್ತಿದ್ದೆ, ನಾನು ನಿಂತು ನೋಡ್ತಿದ್ದೆ."

ಅವಳು ಎಡಗೈಯಲ್ಲಿ ಟೇಪು ಹಾಕಿದಳು. ಹಾಡು, ಹಾಡು, ನಿಂತಿತು. ತಮಟೆ ಬಿದ್ದ ಸದ್ದು. ಮುಟ್ಬೇಡ. ಗಿಟಾರು ಬಿದ್ದ ಸದ್ದು. ಪ್ಲಗ್ಗು ಕಿತ್ತೊಡನೆ ಸೆಟ್ಟಿನ ಗುಂಯ್ ಸದ್ದೂ ಹೋಯಿತು, ಅಲ್ಲಿಗೆ ಅವಳು ಟೇಪು ನಿಲ್ಲಿಸಿದಳು.

"ಕೈಗಡಿಯಾರ ಇಟ್ಕೊಂಡು ನೋಡಿದೀನಿ. ಪ್ಲಗ್ ಕೀಳೋವರ್ಗೂ ನಾಲ್ಕು ಸೆಕೆಂಡು. ಒಂದು ನಿಮಿಷ ಅಲ್ಲ."

"ನಾಲ್ಕು ಸೆಕೆಂಡು ಜಾಸ್ತಿ," ಎಂದ ಅವನು. "ಬಯ್ಯಪ್ಪಣ್ಣನಿಗೆ ಅಷ್ಟೂ ಬೇಕಾಗ್ಲಿಲ್ಲ." ಆಮೇಲೆ ಸ್ಟೂಲಿನ ಮೇಲೆ ಕೂತು, ರಾಡಿನ ಕತೆಯೆಲ್ಲ ಹೇಳಿದ. ಆರು ವರ್ಷದಲ್ಲಿ ಮೊದಲ ಸಲ. ಹೆಂಡತಿಗೂ ಹೇಳಿರಲಿಲ್ಲ.

ಆದಿಲಕ್ಷ್ಮಮ್ಮ ಟೇಪ್‌ರೆಕಾರ್ಡರನ್ನು ಪಕ್ಕಕ್ಕೆ ಸರಿಸಿದಳು. "ನಂಗ್ಯಾಕೆ ಹೇಳ್ತೀಯಣ್ಣ?" ಎಂದಳು. "ನಾನು ಕ್ಷಮಿಸೋಕೆ ನನ್ ಗಂಡನೇನಲ್ಲ ಸತ್ತಿದ್ದು."

ಆ ಹಾಡನ್ನು ಮತ್ತೆ ರೆಕಾರ್ಡು ಮಾಡೋಣ ಎಂದು ಅವನು ಬೇಡಿಕೊಂಡ. ಅವಳು ಒಪ್ಪಲಿಲ್ಲ. ದನಿ ನಿಂತಲ್ಲಿಗೇ ಹಾಡು ಮುಗಿಯಬೇಕು, ಅದೇ ನಿಜ ಎಂದಳು. ಕ್ಯಾಸೆಟ್ಟಿಗೆ 'ಲೈನ್ ಕ್ಲಿಯರ್' ಎಂದು ಹೆಸರಿಟ್ಟಳು. ಬೆಂಗಳೂರಿನಲ್ಲಿ ಇನ್ನೂರು ಪ್ರತಿ ತೆಗೆಸಿದರು. ಮುನಿಶಾಮಪ್ಪ ಆಟೋದಲ್ಲಿ ಕೂಗಿ ಮಾರಿದ. ಸುಮಾರು ಜನ ವಾಪಸು ತಂದರು. ಟೇಪು ಜೋಲಿ ಹೊಡೆಯುತ್ತದೆ, ಗಿಟಾರು ಹರಿದಿದೆ, ಕೊನೇ ಹಾಡು ಅರ್ಧಕ್ಕೇ ನಿಲ್ಲುತ್ತದೆ, ಬೇರೆ ಕೊಡಿ ಎಂದರು. ಗೌರಿಬಿದನೂರಿನ ಕಾರ್ಖಾನೆಯ ಕೆಲವು ಹುಡುಗರು ಮಾತ್ರ ಕೋಣೆಯಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದರಂತೆ. ಒಬ್ಬ ಕಾಗದ ಬರೆದು, ಇದು ಈ ಕಾಲದ್ದೋ ಮೂವತ್ತು ವರ್ಷ ಹಿಂದಿನದೋ ತಿಳಿಯದು, ಕೇಳಿದರೆ ಮೈ ಜುಮ್ಮೆನ್ನುತ್ತದೆ ಎಂದಿದ್ದ.

ಒಂದು ಕ್ಯಾಸೆಟ್ಟನ್ನು ಚಿಕ್ಕವೆಂಕಟಮ್ಮನೂ ಕೊಂಡಳು. ನಮ್ಮ ಆಫೀಸಿನ ಅಣ್ಣ ಮಾಡಿದ್ದು ಎಂದು ಅಭಿಮಾನದಿಂದ ಕೊಂಡಳು. ಸೋಮವಾರ ಹಾಜರಿ ಪುಸ್ತಕ ತಂದಾಗ ಕೇಳಿದಳು.

"ಆ ಕೊನೇ ಹಾಡು ಯಾಕಣ್ಣ ಹಂಗೆ ನಿಂತೋಯ್ತು? ನಮ್ಮೋರು ಪದ ಹೇಳ್ತಾ ಹೇಳ್ತಾ ನಿಂತೋದ್ರು ಅಂತ ನೀನೇ ಹೇಳಿದ್ಯಲ್ಲ, ಅದು ನೆನಪಾಗಿ ಅಳು ಬಂತು."

ಆಫೀಸಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ವೆಂಕಟರವಣಪ್ಪ ಪೆನ್ನು ಕೆಳಗಿಟ್ಟ. ಈ ಹೊತ್ತಿಗೇ ಅವನು ಇಷ್ಟು ವರ್ಷ ಹೆದರಿದ್ದ. ನಿಂತುಕೊಂಡೇ ಹೇಳಿದ. ರಾಡು ಸೈಕಲ್ಲಿನಲ್ಲಿತ್ತು. ಹತ್ತು ಎಂದವನು ನಾನು. ಆಮೇಲೆ ತಂದು ಹಾಕಿದವನೂ ನಾನೇ.

ಚಿಕ್ಕವೆಂಕಟಮ್ಮ ಹಾಜರಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಆರು ಯುಗಾದಿ," ಎಂದಳು. "ಆರು ಯುಗಾದಿ ನಮ್ಮನೇಲಿ ಕೂತು ಉಂಡಿದ್ದೀಯ."

ಸಾಹೇಬರಿಗೆ ತಾನೇ ಹೇಳುತ್ತೇನೆ, ಬರೆದುಕೊಡುತ್ತೇನೆ ಎಂದ ಅವನು. ಅವಳು ತಲೆಯಾಡಿಸಿ ಹೊರಗೆ ಹೋದಳು. ಅವನು ಬರೆದುಕೊಟ್ಟ. ಹಳೇ ವಿಚಾರಣೆಯನ್ನು ಮತ್ತೆ ತೆರೆದರು, ಎರಡು ಇನ್‌ಕ್ರಿಮೆಂಟ್ ಹಿಡಿದರು, ಮೂರು ತಿಂಗಳು ಸಸ್ಪೆಂಡ್ ಮಾಡಿದರು. ಆ ಮೂರು ತಿಂಗಳಲ್ಲಿ ರಾಮಲಕ್ಷ್ಮಮ್ಮ ಗಂಡನನ್ನು ಏನೂ ಕೇಳಲಿಲ್ಲ. ಒಂದು ಸಲ ಮಾತ್ರ, "ನಂಗೆ ಮೊದ್ಲೇ ಹೇಳಿದ್ರೆ ಲೈಟಾದ್ರೂ ಬೇಗ ಹಾಕ್ತಿದ್ದೆ" ಎಂದಳು.

ಕೆಲಸಕ್ಕೆ ಮರಳಿದ ಮೇಲೆ ಚಿಕ್ಕವೆಂಕಟಮ್ಮ ಅವನನ್ನು ಅಣ್ಣ ಎಂದು ಕರೆಯಲಿಲ್ಲ. ಯುಗಾದಿಗೆ ಕರೆಯಲಿಲ್ಲ. ಟೀ ಮಾತ್ರ ಎಲ್ಲರಿಗೂ ಇಟ್ಟಂತೆ ಅವನ ಮುಂದೆಯೂ ಇಡುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮೊದಲ ದಿನ ಅವನ ಹತ್ತಿರ ಕರೆದುಕೊಂಡು ಬಂದು ನಿಲ್ಲಿಸಿ, "ಇವರಿಗೆ ಹೇಳಿ ಲೈನ್‌ಮ್ಯಾನ್, ಏನಾಯ್ತು ಅಂತ" ಎನ್ನುತ್ತಿದ್ದಳು. ತಾನೂ ಬಾಗಿಲಲ್ಲಿ ನಿಂತು ಪೂರ್ತಿ ಕೇಳುತ್ತಿದ್ದಳು. ಅವನು ಪ್ರತಿ ಸಲವೂ ಮೊದಲಿಂದ ಹೇಳುತ್ತಿದ್ದ. ಎಷ್ಟು ಸಲ ಹೇಳಿದರೂ ಅದು ಸುಲಭವಾಗಲಿಲ್ಲ.

ಆದಿಲಕ್ಷ್ಮಮ್ಮನಿಗೆ ಗೌರಿಬಿದನೂರಿಗೆ ವರ್ಗವಾಯಿತು. 1998ರ ಡಿಸೆಂಬರಿನಲ್ಲಿ ತನ್ನ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಅಣ್ಣನನ್ನೂ ವೆಂಕಟರವಣಪ್ಪನನ್ನೂ ಕರೆಸಿದಳು. ಬಯಲಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಲಾರಿಯ ಬ್ಯಾಟರಿಯ ಮೇಲೆ ಮೂರು ಹಾಡು ನುಡಿಸಿದರು. ಮಡಚಿದ ಕಿರುಬೆರಳಿನ ಕೈಯಿಂದಲೇ ಅವಳು ಹಾರ್ಮೋನಿಯಂ ನುಡಿಸಿದಳು. ಗುಬ್ಬಿಯ ಹಾಡನ್ನು ಈ ಸಲ ಕೊನೆಯವರೆಗೂ ಹಾಡಿದಳು. ಅವಳು ಮೈಕಿನ ಕಂಬಿಗೆ ಕೈ ಹಾಕಿದಾಗ ವೆಂಕಟರವಣಪ್ಪ ಹಲಗೆಯಿಂದ ಒಂದು ಕಾಲು ಕೆಳಗಿಟ್ಟುಕೊಂಡು ನಿಂತ. ಹಾಡು ಮುಗಿಯುವವರೆಗೂ ಹಾಗೇ ನಿಂತಿದ್ದ.

ರಾಮಲಕ್ಷ್ಮಮ್ಮ ಮುಂದಿನ ಸಾಲಿನಲ್ಲಿ ಮಕ್ಕಳ ಮಧ್ಯೆ ಕೂತು ಗಂಡನ ಕೈಯನ್ನೇ ನೋಡುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಕೇಳಿದಳು.

"ಹೆದ್ರಿಕೆ ಆಯ್ತಾ?"

"ಆಯ್ತು."

ಚಿಕ್ಕಬಳ್ಳಾಪುರದ ಬಸ್ಸು ಬಂತು. ಅವಳು ಗಿಟಾರಿನ ಚೀಲವನ್ನು ತಾನೇ ಎತ್ತಿಕೊಂಡು ಮೊದಲು ಹತ್ತಿದಳು, ಕಿಟಕಿಯ ಪಕ್ಕ ಅವನಿಗೆ ಜಾಗ ಬಿಟ್ಟು ಕೂತಳು.